ಕೃತ್ಯದ ಹಿಂದಿನ ಸರ್ಕಾರ: ಶೋಧದ ಬಗೆ

ಭಯೋತ್ಪಾದಕರಿಗೆ ಒಂದು ಸರ್ಕಾರ ಹಣವನ್ನೋ ಆಯುಧವನ್ನೋ ತರಬೇತಿಯನ್ನೋ ಆಶ್ರಯವನ್ನೋ ಆಜ್ಞೆಯನ್ನೋ ಒದಗಿಸಿದ್ದರೆ ಅದಕ್ಕೆ ಸರ್ಕಾರಿ ಪ್ರಾಯೋಜಕತ್ವವೆಂದು ಹೆಸರು. ವ್ಯಾಖ್ಯೆ ಇಷ್ಟೇ, ಕಷ್ಟವೆಲ್ಲ ಅದನ್ನು ಪ್ರಮಾಣಸಹಿತವಾಗಿ ಸ್ಥಾಪಿಸುವುದರಲ್ಲಿದೆ.

ಮೈಸೂರಿನವರಾದ ನಮಗೆ ಎರಡು ಪ್ರಸಂಗಗಳು ಕಣ್ಣೆದುರಿಗಿವೆ. 2006ರ ಅಕ್ಟೋಬರಿನಲ್ಲಿ ಇಲ್ಲಿಯ ಪೊಲೀಸರು ಗುಂಡಿನ ಕಾಳಗದ ತರುವಾಯ ಇಬ್ಬರು ಪಾಕಿಸ್ತಾನಿ ಪ್ರಜೆಗಳನ್ನು ಸೆರೆಹಿಡಿದು, ಅವರು ಅಲ್-ಬದ್ರ್ ಎಂಬ ಭಯೋತ್ಪಾದಕ ಸಂಘಟನೆಯವರೆಂದು ತಿಳಿಸಿದರು. 2016ರ ಆಗಸ್ಟ್ 1ರಂದು ನ್ಯಾಯಾಲಯದ ಆವರಣದ ಶೌಚಾಲಯದಲ್ಲಿ ಬಾಂಬು ಸಿಡಿಯಿತು. ಅದೇ ವರ್ಷ ಚಿತ್ತೂರು, ಕೊಲ್ಲಂ, ನೆಲ್ಲೂರು, ಮಲಪ್ಪುರಗಳಲ್ಲಿಯೂ ನ್ಯಾಯಾಲಯ ಅಥವಾ ಜಿಲ್ಲಾ ಕಛೇರಿಗಳ ಆವರಣಗಳಲ್ಲಿಯೇ ಸ್ಫೋಟಗಳಾಗಿದ್ದವು. ರಾಷ್ಟ್ರೀಯ ತನಿಖಾ ದಳ ಈ ಎಳೆಗಳನ್ನು ಕೂಡಿಸಿಕೊಂಡು ಹೋದಾಗ ದಾರಿ ಮುಟ್ಟಿದುದು ಯಾವ ಪರದೇಶದ ರಾಜಧಾನಿಗೂ ಅಲ್ಲ, ಮದುರೆಗೆ. ಅಲ್-ಖೈದಾದ ವಿಚಾರಗಳಿಂದ ಪ್ರೇರಿತವಾದ ‘ಬೇಸ್ ಮೂವ್‌ಮೆಂಟ್’ ಎಂಬ ಗುಂಪಿನ ಮೂವರನ್ನು ಬೆಂಗಳೂರಿನ ವಿಶೇಷ ನ್ಯಾಯಾಲಯ 2021ರ ಅಕ್ಟೋಬರಿನಲ್ಲಿ ದೋಷಿಗಳೆಂದು ತೀರ್ಮಾನಿಸಿತು.

ಜನಸಾಮಾನ್ಯರು ಮುಗ್ಗರಿಸುವುದು ಇಲ್ಲಿಯೇ. ಸಿಕ್ಕಿಬಿದ್ದವನು ಪರದೇಶದವನಾದರೆ ಆ ದೇಶದ ಸರ್ಕಾರವೇ ಅಪರಾಧಿಯೆಂದೂ, ನಮ್ಮ ದೇಶದವನಾದರೆ ಪರಸರ್ಕಾರಗಳೆಲ್ಲ ನಿರ್ದೋಷಿಗಳೆಂದೂ ಭಾವಿಸುತ್ತಾರೆ, ಎರಡೂ ತಪ್ಪು. ಪೌರತ್ವ ವ್ಯಕ್ತಿಯ ಗುಣ, ಪ್ರಾಯೋಜಕತ್ವ ಅಧಿಕಾರದ ಕ್ರಿಯೆ. ಒಂದರಿಂದ ಇನ್ನೊಂದಕ್ಕೆ ಸಾಕ್ಷ್ಯದ ಸೇತುವೆಯೊಂದು ಬೇಕು.

ಆ ಸೇತುವೆ ಎಷ್ಟು ಸೂಕ್ಷ್ಮವಾದುದೆಂಬುದನ್ನು ನೆನೆದಾಗಲೆಲ್ಲ ನನಗೆ ರೋಮಾಂಚವಾಗುತ್ತದೆ. 1988ರ ಡಿಸೆಂಬರ್ 21ರಂದು ಸ್ಕಾಟ್ಲೆಂಡಿನ ಲಾಕರ್ಬಿಯ ಮೇಲೆ ವಿಮಾನವೊಂದು ಸಿಡಿದು 270 ಜನ ಸತ್ತರು. ಹೊಲಕಾಡುಗಳಲ್ಲಿ ಚದರಿದ ಅವಶೇಷಗಳ ನಡುವೆ, ಅಂಗಿಯ ಬಟ್ಟೆಯ ತುಂಡೊಂದರಲ್ಲಿ ಸಿಕ್ಕಿಕೊಂಡಿದ್ದ ಉಗುರಿನಷ್ಟು ಚಿಕ್ಕ ವಿದ್ಯುನ್ಮಂಡಲದ ಚೂರು ಸ್ವಿಟ್ಜರ್ಲೆಂಡಿನ ಟೈಮರ್ ತಯಾರಕರನ್ನು ತೋರಿಸಿತು, ಅವರ ಮಾರಾಟದ ಲೆಕ್ಕ ಲಿಬಿಯವನ್ನು ತೋರಿಸಿತು. 2001ರಲ್ಲಿ ಆ ದೇಶದ ಗುಪ್ತಚರ ಅಧಿಕಾರಿಯೊಬ್ಬನಿಗೆ ಶಿಕ್ಷೆಯಾಯಿತು, 2003ರಲ್ಲಿ ತನ್ನ ಅಧಿಕಾರಿಗಳ ಕೃತ್ಯದ ಹೊಣೆಯನ್ನು ಲಿಬಿಯವೇ ಒಪ್ಪಿಕೊಂಡಿತು. 2008ರ ಮುಂಬಯಿ ದಾಳಿಯಲ್ಲಾದರೋ, ದಾಳಿಕಾರರಿಗೆ ಕ್ಷಣಕ್ಷಣವೂ ಆದೇಶ ಕೊಡುತ್ತಿದ್ದ ದನಿಗಳು ದೂರವಾಣಿಯಲ್ಲಿ ದಾಖಲಾದುವು. ಆದರೆ ದನಿಯೊಂದು ಕರಾಚಿಯಿಂದ ಬಂದಿತೆಂಬುದು, ಅದು ಸರ್ಕಾರದ ದನಿಯೆಂಬುದಕ್ಕೆ ಸಮನಲ್ಲ. ಆ ಅಂತರವನ್ನು ತುಂಬಲು ಒಳಗಿನವನೊಬ್ಬ ಬಾಯಿ ಬಿಡಬೇಕಾಯಿತು: ದಾಳಿಯ ಸಂಚಿನಲ್ಲಿದ್ದ ಡೇವಿಡ್ ಹೆಡ್ಲಿ 2011ರಲ್ಲಿ ಶಿಕಾಗೋದ ನ್ಯಾಯಾಲಯದಲ್ಲಿ, ಪಾಕಿಸ್ತಾನದ ಗುಪ್ತಚರ ಸಂಸ್ಥೆಯಾದ ಐಎಸ್‌ಐ ಅಧಿಕಾರಿಯೊಬ್ಬನು ತನ್ನನ್ನು ನಿಯೋಜಿಸಿದನೆಂದು ಸಾಕ್ಷ್ಯ ನುಡಿದನು. ಪಾಕಿಸ್ತಾನ ಸರ್ಕಾರ ತನ್ನ ಪಾತ್ರವನ್ನು ನಿರಾಕರಿಸಿತು.

ಇನ್ನೊಂದು ಭೇದವನ್ನು ನಾನು ಬಹಳ ಮುಖ್ಯವೆಂದು ಬಗೆಯುತ್ತೇನೆ. 1986ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯ ನಿಕರಾಗುವ ಪ್ರಕರಣದಲ್ಲಿ ಹೇಳಿದುದೇನೆಂದರೆ, ಅಮೆರಿಕವು ಆ ದೇಶದ ಬಂಡುಕೋರರಿಗೆ ಹಣವನ್ನೂ ಆಯುಧವನ್ನೂ ತರಬೇತಿಯನ್ನೂ ಕೊಟ್ಟಿತೆಂಬಷ್ಟರಿಂದಲೇ ಅವರು ಎಸಗಿದ ಒಂದೊಂದು ದುಷ್ಕೃತ್ಯವೂ ಅಮೆರಿಕದ್ದಾಗದು, ಅದಕ್ಕೆ ಆಯಾ ಕಾರ್ಯಾಚರಣೆಯ ಮೇಲೆಯೇ ಪರಿಣಾಮಕಾರಿ ಹಿಡಿತವಿದ್ದುದು ಸಿದ್ಧವಾಗಬೇಕು. ಆದರೆ ಆಯುಧ ಕೊಟ್ಟುದು ತಾನೇ ಒಂದು ಸ್ವತಂತ್ರ ಅಪಚಾರ. ಆಜ್ಞೆ ಸಿದ್ಧವಾಗಲಿಲ್ಲವೆಂದ ಮಾತ್ರಕ್ಕೆ ನೆರವಿನ ದೋಷ ಅಳಿಯುವುದಿಲ್ಲ. ನೆರವು ಸಿದ್ಧವಾಯಿತೆಂದು ಆಜ್ಞೆಯನ್ನು ಊಹಿಸಿಕೊಳ್ಳುವ ಹಕ್ಕೂ ನಮಗಿಲ್ಲ.

ನಮ್ಮ ಊರಿನ ಕಾನೂನು ವಿದ್ಯಾರ್ಥಿಗಳು ಹೇಗ್‌ನ ಆ ದೀರ್ಘ ತೀರ್ಪನ್ನೂ ಮೈಸೂರು ಸ್ಫೋಟದ ತೀರ್ಪನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ಓದಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಹಾಗೆ ಓದುವಾಗ ಪ್ರತಿಯೊಂದು ಸಾಕ್ಷ್ಯದ ಮುಂದೆಯೂ ಅದು ಸಾಧಿಸುವುದು ಕೃತ್ಯ ಎಸಗಿದ ಕೈಯನ್ನೋ, ನೆರವನ್ನೋ, ಆಜ್ಞೆಯನ್ನೋ ಎಂದು ಅಂಚಿನಲ್ಲಿ ಗುರುತು ಹಾಕಿಕೊಳ್ಳಲಿ.