ಮಳೆಗಾಲದಲ್ಲಿ ಉತಾರ ಮಸುಕಾಗುವುದೇಕೆ?

ಮುಂಗಾರಿನ ಬೆಳೆವಿಮೆಗೆ ಅರ್ಜಿ ಹಾಕುವ ಜುಲೈ ತಿಂಗಳು ಬಂತೆಂದರೆ ಹತ್ತಿಮತ್ತೂರಿನಂಥ ಊರುಗಳಲ್ಲಿ ಉತಾರದ, ಅಂದರೆ ಪಹಣಿಯ, ಪ್ರತಿಗಳಿಗೆ ಓಡಾಟ ಶುರುವಾಗುತ್ತದೆ. ಲೇಸರ್ ಪ್ರಿಂಟರ್‌ಗಳು ಸತಾಯಿಸುವುದೂ ಅದೇ ಹೊತ್ತಿಗೆ. ಅಕ್ಷರ ಅಲ್ಲಲ್ಲಿ ಮಸುಕು, ಹಾಳೆಯ ಅಂಚು ಸುರುಳಿ, ಬೆರಳಿನಿಂದ ಉಜ್ಜಿದರೆ ಕಪ್ಪು ಪುಡಿ. ಕಾರ್ಟ್ರಿಡ್ಜ್ ಮುಗಿಯಿತೆಂದು ಕೂಡಲೇ ಹೊಸದನ್ನು ಕೊಳ್ಳುವವರು ಬಹಳ. ಆದರೆ ಈ ಮೂರೂ ಲಕ್ಷಣ ಒಟ್ಟಿಗೆ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಕಾಗದವನ್ನು. ಹೀಗೇಕೆಂದು ತಿಳಿಯಲು ಈ ಯಂತ್ರದ ಹುಟ್ಟನ್ನೇ ನೋಡಬೇಕು.

1938ರ ಅಕ್ಟೋಬರ್ 22ರಂದು ನ್ಯೂಯಾರ್ಕ್‌ನ ಅಸ್ಟೋರಿಯಾದಲ್ಲಿ ಚೆಸ್ಟರ್ ಕಾರ್ಲ್‌ಸನ್ ಮತ್ತು ಅವರ ಸಹಾಯಕ ಒಟ್ಟೊ ಕೊರ್ನೈ ಗಂಧಕ ಬಳಿದ ಸತುವಿನ ತಗಡನ್ನು ಕತ್ತಲಲ್ಲಿ ಹತ್ತಿಯ ಕರವಸ್ತ್ರದಿಂದ ಉಜ್ಜಿದರು. ತಗಡಿಗೆ ವಿದ್ಯುತ್ ಆವೇಶ ಬಂತು. ಅಂದಿನ ದಿನಾಂಕವನ್ನೂ ಊರಿನ ಹೆಸರನ್ನೂ ಬರೆದ ಗಾಜನ್ನು ಅದರ ಮೇಲಿಟ್ಟು ಪ್ರಖರ ದೀಪ ಹಚ್ಚಿದರು. ಬೆಳಕು ಬಿದ್ದಲ್ಲಿ ಆವೇಶ ಅಳಿಯಿತು, ಅಕ್ಷರದ ನೆರಳಿನಲ್ಲಿ ಉಳಿಯಿತು. ಲೈಕೊಪೋಡಿಯಂ ಪುಡಿ ಉದುರಿಸಿ ಊದಿದಾಗ ಆವೇಶವಿದ್ದಲ್ಲಿ ಮಾತ್ರ ಪುಡಿ ಅಂಟಿತ್ತು. ಅದನ್ನು ಮೇಣದ ಕಾಗದಕ್ಕೆ ಒತ್ತಿ ಕಾಯಿಸಿದರು, ಅಕ್ಷರ ನಿಂತಿತು. ಇದು ಎಲ್ಲರೂ ಬಳಸುವ ಯಂತ್ರವಾಗಲು 1959ರಲ್ಲಿ ಝೆರಾಕ್ಸ್ 914 ಬರುವವರೆಗೆ ಕಾಯಬೇಕಾಯಿತು. 1970ರ ದಶಕದ ಆರಂಭದಲ್ಲಿ ಗ್ಯಾರಿ ಸ್ಟಾರ್ಕ್‌ವೆದರ್ ದೀಪದ ಜಾಗಕ್ಕೆ ಲೇಸರ್ ಕಿರಣ ತಂದು ಅದರಿಂದಲೇ ಅಕ್ಷರ ಬರೆಸಿದರು. ಇಂದಿಗೂ ಹಂತಗಳು ಅವೇ. ತಗಡಿನ ಜಾಗದಲ್ಲಿರುವ ಡ್ರಮ್‌ಗೆ ಆವೇಶ, ಬೆಳಕಿನ ಬರಹ, ಟೋನರ್ ಪುಡಿ, ಕಾಗದಕ್ಕೆ ವರ್ಗಾವಣೆ, ಕೊನೆಗೆ ಬಿಸಿ.

ಕೊನೆಯ ಎರಡು ಹಂತಗಳಲ್ಲಿ ಕಾಗದವೂ ಯಂತ್ರದ ಭಾಗವೇ ಆಗುತ್ತದೆ. ಹಾಳೆಯ ಹಿಂದಿನ ರೋಲರ್ ವಿದ್ಯುತ್ ಸೆಳೆತದಿಂದ ಪುಡಿಯನ್ನು ಹಾಳೆಗೆ ಎಳೆಯಬೇಕು. ಒಳ್ಳೆಯ ಕಾಗದದಲ್ಲಿ ತೇವ ಸುಮಾರು ಶೇ 5. ಮಳೆಗಾಲದ ಗಾಳಿಗೆ ತೆರೆದಿಟ್ಟ ರೀಮು ಅದಕ್ಕಿಂತ ಹೆಚ್ಚು ನೀರು ಹೀರಿಕೊಳ್ಳುತ್ತದೆ. ತೇವದ ಹಾಳೆಯ ಮೂಲಕ ಆವೇಶ ಸೋರಿ, ಸೆಳೆತ ಸಾಲದೆ, ಪುಡಿಯ ಒಂದು ಪಾಲು ಡ್ರಮ್ ಮೇಲೇ ಉಳಿಯುತ್ತದೆ. ಮುಂದೆ ಬಿಸಿ ರೋಲರ್‌ಗಳ ನಡುವೆ ಹೋದಾಗ ಶಾಖದ ಒಂದಂಶ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗಿ, ಪುಡಿ ಸರಿಯಾಗಿ ಕರಗುವುದಿಲ್ಲ. ಹಾಳೆಯ ಎರಡು ಮುಖ ಬೇರೆ ಬೇರೆ ವೇಗದಲ್ಲಿ ಒಣಗುವುದರಿಂದ ಅದು ಸುರುಳುತ್ತದೆ.

ಕಾರ್ಟ್ರಿಡ್ಜ್ ಅಲ್ಲಾಡಿಸಿದರೆ ಪ್ರಿಂಟ್ ಸುಧಾರಿಸುತ್ತದಲ್ಲ ಎಂದು ಕೇಳಬಹುದು. ಟೋನರ್ ನಿಜವಾಗಿ ತಳ ಕಂಡಿದ್ದರೆ ಸುಧಾರಿಸುತ್ತದೆ. ಆಗ ಮಸುಕು ಹಾಳೆಯ ಉದ್ದಕ್ಕೂ ಪಟ್ಟಿಯಾಗಿ ಇಳಿಯುತ್ತದೆ. ತೇವದ ಮಸುಕು ಹಾಗಲ್ಲ, ತೇಪೆ ತೇಪೆಯಾಗಿ ಹರಡಿರುತ್ತದೆ. ಒಡೆಯದ ರೀಮೊಂದನ್ನು ತೆರೆದು ಅದೇ ಪುಟವನ್ನು ತೆಗೆದು ನೋಡಿದರೆ ಸಂದೇಹ ಬಹುಮಟ್ಟಿಗೆ ತೀರುತ್ತದೆ. ಹಾಗಾದರೆ ಹಾಳೆಗಳನ್ನು ಬಿಸಿಲಿಗೆ ಹಾಕಿ ಒಣಗಿಸಿದರೆ? ಅದು ಬೇಡ. ಅತಿಯಾಗಿ ಒಣಗಿದ ಹಾಳೆಗಳು ಸ್ಥಿರ ವಿದ್ಯುತ್ತಿನಿಂದ ಒಂದಕ್ಕೊಂದು ಅಂಟಿ ಜೋಡಿಯಾಗಿ ಒಳಹೋಗುತ್ತವೆ. ರೀಮಿನ ಹೊದಿಕೆಯೇ ತೇವ ತಡೆಯಲು ಮಾಡಿದ್ದು. ಉಳಿದ ಹಾಳೆಗಳನ್ನು ಅದರಲ್ಲೇ ಸುತ್ತಿ, ನೆಲದಿಂದ ಮೇಲಿಟ್ಟರೆ ಸಾಕು.

ಎಲ್ಲ ದೋಷವೂ ತೇವದ್ದಲ್ಲ. ಒಂದೇ ಚುಕ್ಕೆ ಸಮ ಅಂತರದಲ್ಲಿ ಮರುಕಳಿಸಿದರೆ ಅಳತೆಪಟ್ಟಿ ಹಿಡಿಯಿರಿ. 24 ಮಿಲಿಮೀಟರ್ ವ್ಯಾಸದ ಡ್ರಮ್ ಒಂದು ಸುತ್ತಿಗೆ ಸುಮಾರು 75 ಮಿಲಿಮೀಟರ್ ಉರುಳುತ್ತದೆ, ಅದರ ಗಾಯ ಅಷ್ಟಷ್ಟು ದೂರಕ್ಕೇ ಮೂಡುತ್ತದೆ. ಇಂಕ್‌ಜೆಟ್‌ನಲ್ಲಿ ಅಡ್ಡ ಬಿಳಿ ಗೆರೆ ಬಂದರೆ ಒಣಗಿ ಕಟ್ಟಿಕೊಂಡ ರಂಧ್ರಗಳೇ ಕಾರಣ. ವಾರಕ್ಕೊಂದು ಪುಟ ತೆಗೆಯುತ್ತಿದ್ದರೆ ಆ ತೊಂದರೆ ಕಡಿಮೆ.

ಟೋನರ್ ಉಳಿಸುವ ಸೆಟ್ಟಿಂಗ್ ಬಗ್ಗೆ ನನ್ನ ಆಕ್ಷೇಪ ಬಲವಾದದ್ದು. 2000ರ ಆಸುಪಾಸಿನಲ್ಲಿ ಭೂಮಿ ಯೋಜನೆ ಕೈಬರಹದ ಪಹಣಿಯನ್ನು ಕಂಪ್ಯೂಟರಿಗೆ ತಂದ ಮೇಲೆ ರೈತನ ಕೈಗೆ ಬರುವುದು ಅಚ್ಚಾದ ಹಾಳೆಯೇ. ದಕಾರಕ್ಕೂ ಧಕಾರಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಪುಟ್ಟ ಗೀಟು. ಒತ್ತಕ್ಷರಗಳಂತೂ ಇನ್ನೂ ಸಣ್ಣವು. ಪುಡಿ ಕಡಿಮೆ ಮಾಡಿದಾಗ ಮೊದಲು ಅಳಿಯುವುದು ಇವೇ. ಹೆಸರು, ಸರ್ವೆ ನಂಬರು, ಹಿಸ್ಸಾ ಇರುವ ದಾಖಲೆಗೆ ಆ ಸೆಟ್ಟಿಂಗ್ ತೆಗೆದು, 600 ಡಿಪಿಐ ಇಟ್ಟೇ ಪ್ರಿಂಟ್ ಕೊಡಬೇಕು.