ಕೆಸರುಗಾಲದಲ್ಲಿ ಬೆಟ್ಟದ ದಾರಿ

ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ ವರ್ಮಾಂಟ್ ರಾಜ್ಯದವರು ತಮ್ಮಲ್ಲಿ ವರ್ಷಕ್ಕೆ ಐದು ಋತುಗಳಿವೆ ಎಂದು ತಮಾಷೆ ಮಾಡುತ್ತಾರೆ. ಐದನೆಯದು ಚಳಿಗಾಲ ಮುಗಿದು ವಸಂತ ಬಲಿಯುವ ನಡುವೆ ಬರುವ ಕೆಸರುಗಾಲ. ಹಗಲು ಬಿಸಿಲು, ಇರುಳು ನೀರು ಹೆಪ್ಪುಗಟ್ಟುವ ಚಳಿ. ಮೇಪಲ್ ಮರಗಳಲ್ಲಿ ಸಿಹಿ ರಸ ಇಳಿಯುವುದು ಈ ಏರಿಳಿತದಿಂದಲೇ. ಊರ ಮಣ್ಣು ರಸ್ತೆಗಳಲ್ಲಿ ಕಾರಿನ ಗಾಲಿಗಳು ಹೂತುಕೊಳ್ಳುವುದೂ ಇದರಿಂದಲೇ. ಚಳಿಗಾಲವಿಡೀ ಮನೆಯೊಳಗಿದ್ದ ಜನಕ್ಕೆ ಬೆಟ್ಟ ಹತ್ತುವ ಆಸೆ ಹುಟ್ಟುವುದೂ ಇದೇ ಹೊತ್ತಿಗೆ. ಆದರೆ ಅಲ್ಲಿನ ಚಾರಣದ ದಾರಿಗಳನ್ನು ನೋಡಿಕೊಳ್ಳುವ ಗ್ರೀನ್ ಮೌಂಟನ್ ಕ್ಲಬ್ ಪ್ರತಿ ವಸಂತದಲ್ಲೂ ಒಂದೇ ಮಾತು ಹೇಳುತ್ತದೆ: ಸ್ವಲ್ಪ ತಡೆಯಿರಿ, ಎತ್ತರದ ದಾರಿಗಳಿಗೆ ಈಗಲೇ ಹೋಗಬೇಡಿ.

ಈ ಕ್ಲಬ್ ಹುಟ್ಟಿದ್ದು 1910ರಲ್ಲಿ. ಮ್ಯಾಸಚೂಸೆಟ್ಸ್ ಗಡಿಯಿಂದ ಕೆನಡಾ ಗಡಿಯವರೆಗೆ ಸುಮಾರು 438 ಕಿಲೋಮೀಟರ್ ಉದ್ದದ 'ಲಾಂಗ್ ಟ್ರೇಲ್' ಎಂಬ ಕಾಲುದಾರಿಯನ್ನು ಅದರ ಸದಸ್ಯರು 1930ರ ಹೊತ್ತಿಗೆ ಕಡಿದು ಮುಗಿಸಿದರು. ಅಮೆರಿಕದ ದೂರದ ಚಾರಣದಾರಿಗಳಲ್ಲಿ ಇದೇ ಅತ್ಯಂತ ಹಳೆಯದು. ನಡೆಯಲೆಂದೇ ದಾರಿ ಮಾಡಿದವರು ನಡೆಯಬೇಡಿ ಎನ್ನುವುದಕ್ಕೆ ಕಾರಣ ಮಣ್ಣಿನೊಳಗಿದೆ.

ಮಂಜುಗಡ್ಡೆ ಮಣ್ಣನ್ನು ಉಬ್ಬಿಸುವುದು ಹೇಗೆ ಎಂದು ಕೇಳಿದರೆ ಶಾಲೆಯಲ್ಲಿ ಕಲಿತ ಉತ್ತರ ತಟ್ಟನೆ ಬರುತ್ತದೆ: ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಇದು ನಿಜವಾದರೂ ನೆಲ ಉಬ್ಬುವುದಕ್ಕೆ ಮುಖ್ಯ ಕಾರಣ ಇದಲ್ಲ. ಸ್ಟೀಫನ್ ಟೇಬರ್ ಎಂಬ ಅಮೆರಿಕದ ಭೂವಿಜ್ಞಾನಿ 1930ರ ಸುಮಾರಿಗೆ ಜಾಣತನದ ಪ್ರಯೋಗವೊಂದನ್ನು ಮಾಡಿದರು. ಮಣ್ಣಿಗೆ ನೀರಿನ ಬದಲು ಬೆಂಜೀನ್ ಹಾಕಿ ಹೆಪ್ಪುಗಟ್ಟಿಸಿದರು. ಬೆಂಜೀನ್ ಹೆಪ್ಪುಗಟ್ಟುವಾಗ ಹಿಗ್ಗುವುದಿಲ್ಲ, ಕುಗ್ಗುತ್ತದೆ. ಆದರೂ ಮಣ್ಣು ಉಬ್ಬಿತು!

ನಿಜವಾಗಿ ನಡೆಯುವುದು ಹೀಗೆ. ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿದರೂ ಮಣ್ಣಿನ ಕಣಗಳ ಸುತ್ತ ತೀರ ತೆಳುವಾದ ನೀರಿನ ಪೊರೆಯೊಂದು ಹೆಪ್ಪುಗಟ್ಟದೆ ಉಳಿದಿರುತ್ತದೆ. ಬೆಳೆಯುತ್ತಿರುವ ಮಂಜುಗಡ್ಡೆ ಈ ಪೊರೆಯ ಮೂಲಕ ಕೆಳಗಿನ ಒದ್ದೆ ಮಣ್ಣಿನಿಂದ ನೀರನ್ನು ಹೀರುತ್ತಲೇ ಹೋಗುತ್ತದೆ. ಹೀರಿದ ನೀರು ಪದರ ಪದರವಾಗಿ ಗಡ್ಡೆಕಟ್ಟಿ ಮೇಲಿನ ಮಣ್ಣನ್ನು ಎತ್ತುತ್ತದೆ. ಇದಕ್ಕೆ ಮರಳು ಒಗ್ಗದು. ಅದರ ಸಂದುಗಳು ದೊಡ್ಡವು, ನೀರನ್ನು ಮೇಲೆಳೆಯುವ ಸೆಳೆತ ಅಲ್ಲಿ ಕಡಿಮೆ. ಜೇಡಿಯ ಸಂದುಗಳು ಎಷ್ಟು ಕಿರಿದೆಂದರೆ ನೀರು ಹರಿಯುವುದೇ ಕಷ್ಟ. ಇವೆರಡರ ನಡುವಿನ ನುಣ್ಣನೆಯ ರೇವೆಮಣ್ಣು ಮಾತ್ರ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಹಿಮಯುಗದ ಹಿಮನದಿಗಳು ಬಂಡೆಗಳನ್ನು ಅರೆದು ವರ್ಮಾಂಟಿನ ಬೆಟ್ಟಗಳ ಮೇಲೆ ಬಿಟ್ಟುಹೋದ ಮಣ್ಣಿನಲ್ಲಿ ಇಂಥ ರೇವೆ ಧಾರಾಳವಾಗಿದೆ.

ಹೀಗಾಗಿ ಚಳಿಗಾಲ ಮುಗಿಯುವ ಹೊತ್ತಿಗೆ ನೆಲದ ಮೇಲ್ಪದರದಲ್ಲಿ ಶರತ್ಕಾಲದಲ್ಲಿ ಇದ್ದುದಕ್ಕಿಂತ ಹೆಚ್ಚು ನೀರು ಗಡ್ಡೆಯ ರೂಪದಲ್ಲಿ ಕೂಡಿರುತ್ತದೆ. ವಸಂತದ ಬಿಸಿಲಿಗೆ ನೆಲ ಹೆಚ್ಚಾಗಿ ಮೇಲಿನಿಂದ ಕರಗುತ್ತಾ ಬರುತ್ತದೆ. ಕೆಳಗಿನ ಪದರ ಇನ್ನೂ ಗಟ್ಟಿಯಾಗಿರುವುದರಿಂದ ಕರಗಿದ ನೀರಿಗೆ ಇಂಗಲು ದಾರಿಯಿಲ್ಲ. ಮೇಲಿಂದ ಹಿಮ ಕರಗಿದ ನೀರೂ ಬಂದು ಸೇರುತ್ತದೆ. ಒಣ ಮಣ್ಣಿನಲ್ಲಿ ಕಣಕ್ಕೆ ಕಣ ಒತ್ತಿ ನಿಂತು, ಅವುಗಳ ನಡುವಿನ ತಿಕ್ಕಾಟವೇ ನಮ್ಮ ಭಾರವನ್ನು ಹೊರುತ್ತದೆ. ಸಂದುಗಳಲ್ಲೆಲ್ಲ ನೀರು ತುಂಬಿದಾಗ ಭಾರದ ಒಂದು ಪಾಲು ನೀರಿನ ಮೇಲೆ ಬೀಳುತ್ತದೆ, ಕಣಗಳ ಹಿಡಿತ ಸಡಿಲುತ್ತದೆ. 70 ಕೆಜಿ ತೂಕದವರು ಒಂಟಿ ಕಾಲಿನ ಮೇಲೆ ನಿಂತರೆ ಬೂಟಿನಡಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 400 ಗ್ರಾಂ ಭಾರ ಬೀಳುತ್ತದೆ. ಹಿಮ್ಮಡಿ ಊರುವ ಗಳಿಗೆಯಲ್ಲಿ ಇನ್ನೂ ಹೆಚ್ಚು. ಆಗಸ್ಟಿನಲ್ಲಿ ಗುರುತೂ ಮೂಡಿಸದ ಹೆಜ್ಜೆ ಏಪ್ರಿಲಿನಲ್ಲಿ ಗುಂಡಿಯಾಗುತ್ತದೆ.

ಚಾರಣದ ದಾರಿಯಲ್ಲಿ ಇನ್ನೊಂದು ತೊಡಕಿದೆ. ಚಳಿಗಾಲದಲ್ಲಿ ಅದೇ ಜಾಡಿನಲ್ಲಿ ನಡೆದವರ ಕಾಲ್ತುಳಿತಕ್ಕೆ ಹಿಮ ಬಿಗಿಯಾಗಿ ಅದುಮಿಕೊಂಡಿರುತ್ತದೆ. ಸುತ್ತಲಿನ ಕಾಡಿನ ಹಿಮವೆಲ್ಲ ಕರಗಿದ ಮೇಲೂ ದಾರಿಯ ನಡುವೆ ಒಂದು ಕಿರಿದಾದ ಗಡ್ಡೆಯ ಏಣು ಉಳಿಯುತ್ತದೆ. ಅಲ್ಲಿನ ಚಾರಣಿಗರು ಅದನ್ನು 'ಮೊನೊರೈಲ್' ಎನ್ನುತ್ತಾರೆ. ಅದರ ಮೇಲೆ ನಡೆದರೆ ಜಾರಿಕೆ, ಆದ್ದರಿಂದ ಜನ ಪಕ್ಕಕ್ಕೆ ಇಳಿಯುತ್ತಾರೆ. ಪಕ್ಕದ ನೆಲವೇ ಆಗ ಅತ್ಯಂತ ಮೆತ್ತಗಿರುತ್ತದೆ. ಕೆಸರು ತಪ್ಪಿಸಲು ಒಬ್ಬರು ಅಂಚಿನ ಪಾಚಿಯ ಮೇಲೆ ಕಾಲಿಟ್ಟರೆ ಅಲ್ಲಿಯೂ ಕೆಸರಾಗುತ್ತದೆ. ನಂತರದವರು ಇನ್ನಷ್ಟು ಆಚೆ ಹೋಗುತ್ತಾರೆ. ಒಬ್ಬರು ನಡೆಯುವಷ್ಟಿದ್ದ ಜಾಡು ಕೆಲವೇ ವರ್ಷಗಳಲ್ಲಿ ಗಾಡಿದಾರಿಯಷ್ಟು ಅಗಲವಾಗುವುದು ಹೀಗೆ.

ಗುಂಡಿ ಒಣಗಿದ ಮೇಲೂ ಪೆಟ್ಟು ಮಾಯುವುದಿಲ್ಲ. ತುಳಿದ ಮಣ್ಣಿನ ಸಂದುಗಳು ಮುಚ್ಚಿಹೋಗಿ ನೀರು ಇಂಗುವುದು ಕಡಿಮೆಯಾಗುತ್ತದೆ. ಸುತ್ತಲಿಗಿಂತ ತಗ್ಗಾದ ಜಾಡಿಗೆ ಮುಂದಿನ ಮಳೆಯ ನೀರು ನುಗ್ಗಿ ಮಣ್ಣು ಕೊಚ್ಚುತ್ತದೆ, ಬೇರು ಬಂಡೆಗಳು ಎದ್ದು ಕಾಣುತ್ತವೆ. ಬಾಗಿಲು ತೆರೆಯುವುದು ಕಾಲು, ದಾರಿಯನ್ನು ಹಾಳುಮಾಡುವುದು ನೀರು.

ಎಲ್ಲ ದಾರಿಗಳೂ ಸಮನಾಗಿ ಕೆಡುವುದಿಲ್ಲ. ಪಕ್ಕದ ನ್ಯೂ ಹ್ಯಾಂಪ್‌ಶೈರಿನಲ್ಲಿ 1819ರಲ್ಲಿ ಶುರುವಾದ ಬೆಟ್ಟದಾರಿ ಕ್ರಾಫರ್ಡ್ ಪಾತ್‌ನ ಕಾಲದಿಂದಲೂ ಈ ಸೀಮೆಯಲ್ಲಿ ಜನ ಬೆಟ್ಟ ಹತ್ತುತ್ತಿದ್ದಾರೆ. ಹಳೆಯ ದಾರಿಗಳಲ್ಲಿ ಎಷ್ಟೋ ನೆತ್ತಿಯತ್ತ ನೆಟ್ಟಗೆ ಏರುತ್ತವೆ. ನೀರು ಇಳಿಯುವ ದಿಕ್ಕೂ ಅದೇ ಆದ್ದರಿಂದ ಒಮ್ಮೆ ಜಾಡಿಗಿಳಿದ ನೀರಿಗೆ ಹೊರಗೆ ಹೋಗಲು ಎಡೆಯಿಲ್ಲ. ಅಮೆರಿಕದ ಭೂವಿಜ್ಞಾನ ಸಮೀಕ್ಷಾ ಸಂಸ್ಥೆಯ ಜೆಫ್ ಮೇರಿಯನ್ ಚಾರಣದಾರಿಗಳ ಸವೆತವನ್ನು ದಶಕಗಳ ಕಾಲ ಅಳೆದವರು. ದಾರಿ ಎಷ್ಟು ಕಡಿದಾಗಿದೆ ಎಂಬುದರಷ್ಟೇ ಅದು ಇಳಿಜಾರಿಗೆ ಯಾವ ಕೋನದಲ್ಲಿದೆ ಎಂಬುದೂ ಮುಖ್ಯವೆಂದು ಅವರ ಅಧ್ಯಯನಗಳು ತೋರಿಸಿವೆ. ಇಂದು ದಾರಿ ಕಡಿಯುವವರು ಬೆಟ್ಟದ ಮಗ್ಗುಲಲ್ಲಿ ಓರೆಯಾಗಿ ಹಾಯಿಸುತ್ತಾರೆ. ಬೆಟ್ಟದ ಇಳಿಜಾರು ಶೇಕಡಾ 20 ಇದ್ದರೆ ದಾರಿಯ ಏರು ಅದರ ಅರ್ಧಕ್ಕಿಂತ, ಅಂದರೆ ಶೇಕಡಾ 10ಕ್ಕಿಂತ ಹೆಚ್ಚಾಗಬಾರದು ಎಂಬುದು ಅವರ ಕೈಲೆಕ್ಕ.

ಹಳೆಯ ದಾರಿಗಳನ್ನೆಲ್ಲ ಹೊಸದಾಗಿ ಕಡಿಯಲು ಆಗುವುದಿಲ್ಲವಲ್ಲ, ಅವನ್ನು ಉಳಿಸುವ ಕೆಲಸ ಹೆಚ್ಚಾಗಿ ಸ್ವಯಂಸೇವಕರದು. ಹಿಮ ಸರಿದ ಕೂಡಲೇ ಅವರು ಗರಗಸ, ಗುದ್ದಲಿ, ಹಾರೆ ಹಿಡಿದು ಹೊರಡುತ್ತಾರೆ. ಚಳಿಗಾಲದ ಗಾಳಿಗೆ ಅಡ್ಡಬಿದ್ದ ಮರಗಳನ್ನು ಕತ್ತರಿಸಿ ಸರಿಸುವುದು ಮೊದಲ ಕೆಲಸ. ಇಲ್ಲವಾದರೆ ಜನ ಬಳಸಿ ನಡೆದು ಹೊಸ ಜಾಡು ಮಾಡುತ್ತಾರೆ. ಎರಡನೆಯದು ನೀರಿನದು. ದಾರಿಗೆ ಓರೆಯಾಗಿ ಹೂತ ಮರದ ದಿಮ್ಮಿ ಅಥವಾ ಕಲ್ಲುಸಾಲಿಗೆ ವಾಟರ್‌ಬಾರ್ ಎನ್ನುತ್ತಾರೆ. ಹರಿದುಬರುವ ನೀರನ್ನು ಅದು ಪಕ್ಕದ ಕಾಡಿಗೆ ತಿರುಗಿಸುತ್ತದೆ. ಅದರ ಹಿಂದೆ ಎಲೆ, ರೇವೆ ತುಂಬಿದರೆ ನೀರು ಮೇಲಿಂದ ಹಾರಿ ಮತ್ತೆ ದಾರಿಗೇ ಬೀಳುತ್ತದೆ. ಮಳೆ ಹಿಡಿಯುವ ಮುನ್ನ ಅಡಿಕೆ ತೋಟದ ಬಸಿಗಾಲುವೆ ಎತ್ತುವಂತೆ ಇವನ್ನು ವರ್ಷವರ್ಷವೂ ತೋಡಿ ಬಿಡಿಸಬೇಕು. ಜೌಗಿರುವಲ್ಲಿ ದಿಮ್ಮಿಗಳ ಕಿರುಸೇತುವೆ ಹಾಕುತ್ತಾರೆ, ಕಡಿದಾದಲ್ಲಿ ಕಲ್ಲಿನ ಮೆಟ್ಟಿಲು ಕೂರಿಸುತ್ತಾರೆ.

ಇಷ್ಟಾದರೂ ಕೆಸರುಗಾಲದಲ್ಲಿ ಕಾಯುವುದಕ್ಕೆ ಬದಲಿಯಿಲ್ಲ. ಎಷ್ಟು ಕಾಯಬೇಕು? ಕೀಟವಿಜ್ಞಾನಿ ಆಂಡ್ರ್ಯೂ ಹಾಪ್ಕಿನ್ಸ್ 1918ರಲ್ಲಿ ಒಂದು ಸ್ಥೂಲ ಸೂತ್ರ ಕೊಟ್ಟರು: ಪ್ರತಿ 400 ಅಡಿ ಏರಿದಂತೆ ವಸಂತ ನಾಲ್ಕು ದಿನ ತಡವಾಗುತ್ತದೆ. ವರ್ಮಾಂಟಿನ ಅತಿ ಎತ್ತರದ ಮೌಂಟ್ ಮ್ಯಾನ್ಸ್‌ಫೀಲ್ಡ್ 1339 ಮೀಟರ್ ಇದೆ. ತಪ್ಪಲಿನ ಊರಿಂದ ತುದಿಗೆ ಸಾವಿರ ಮೀಟರ್ ಏರು ಎಂದು ಹಿಡಿದರೆ ವಸಂತ ಒಂದು ತಿಂಗಳಿಗೂ ಹೆಚ್ಚು ಹಿಂದೆ ಬೀಳುತ್ತದೆ. ಊರಲ್ಲಿ ಹೂ ಬಿಟ್ಟಾಗಲೂ ಮೇಲೆ ಸ್ಪ್ರೂಸ್ ಮರಗಳ ನೆರಳಲ್ಲಿ ಹಿಮ ಇರುತ್ತದೆ. ಆದ್ದರಿಂದಲೇ ಅಲ್ಲಿನ ಎತ್ತರದ ದಾರಿಗಳಿಂದ ಮೇ ಕೊನೆಯವರೆಗೂ ದೂರವಿರಿ ಎನ್ನುತ್ತಾರೆ. ನೆರೆಯ ನ್ಯೂಯಾರ್ಕ್ ರಾಜ್ಯವೂ ಅಡಿರಾಂಡಾಕ್ ಬೆಟ್ಟಗಳಲ್ಲಿ 2500 ಅಡಿಗಿಂತ ಮೇಲೆ ಹೋಗದಂತೆ ವಸಂತದಲ್ಲಿ ಮನವಿ ಮಾಡುತ್ತದೆ. ಅಷ್ಟರವರೆಗೆ ಬಿಸಿಲು ಬೀಳುವ ದಕ್ಷಿಣದ ಮಗ್ಗುಲು, ತಗ್ಗಿನ ಒಣ ಕಾಡು, ಜಲ್ಲಿ ಹಾಕಿದ ದಾರಿ ಇದ್ದೇ ಇವೆ. ನಡೆಯುವಾಗ ಸಣ್ಣ ಕೆಸರು ಸಿಕ್ಕರೆ ಬೂಟು ಕೊಳೆಯಾದರೂ ನಡುವೆಯೇ ದಾಟಬೇಕು. ಗಿಡಗಳನ್ನು ತುಳಿಯದೆ ಮುಂದೆ ಹೋಗಲಾಗದಷ್ಟು ಕೆಸರಿದ್ದರೆ ಹಿಂದಿರುಗಬೇಕು.

ನಮ್ಮ ಸಹ್ಯಾದ್ರಿಯಲ್ಲಿ ನೆಲ ಹೆಪ್ಪುಗಟ್ಟುವುದಿಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣು ನೀರು ಕುಡಿದು ತಣಿದಿರುತ್ತದೆ. ಹಿಡಿತ ಸಡಿಲುವ ಲೆಕ್ಕ ಅದೇ. ಕುದುರೆಮುಖದಂಥ ಕಡೆ ಇಳಿಜಾರಿನ ತೆಳು ಮಣ್ಣನ್ನು ಹಿಡಿದಿಟ್ಟಿರುವುದು ಹುಲ್ಲಿನ ಬೇರು. ಕೆಸರು ತಪ್ಪಿಸಲು ಹುಲ್ಲಿನ ಮೇಲೆ ನಡೆದರೆ ಮೊದಲು ಬಿಡುವುದು ಆ ಹಿಡಿತವೇ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜನ ಮುಗಿಬಿದ್ದ ಮೇಲೆ ಚಾರಣಿಗರ ಸಂಖ್ಯೆಗೆ ಮಿತಿ ಹಾಕುವ ಕ್ರಮಗಳು ಬಂದವು. ಅವು ಬೇಕಾದದ್ದೇ. ಆದರೆ ಒಣಗಿದ ನೆಲದ ಮೇಲೆ ನೂರು ಜನ ನಡೆಯುವುದಕ್ಕೂ ನೀರು ನಿಂತ ನೆಲದ ಮೇಲೆ ನೂರು ಜನ ನಡೆಯುವುದಕ್ಕೂ ತುಂಬ ವ್ಯತ್ಯಾಸವಿದೆ. ತಲೆಗಳ ಎಣಿಕೆಯ ಜೊತೆ ಮಣ್ಣಿನ ತೇವವನ್ನೂ ನೋಡಿ ದಾರಿ ತೆರೆಯುವ, ಮುಚ್ಚುವ ರೂಢಿ ಇಲ್ಲಿಗೂ ಬರಬೇಕು. ಅದು ಬರುವವರೆಗೆ ಚಾರಣಿಗರು ತಾವೇ ಪರೀಕ್ಷೆ ಮಾಡಿಕೊಳ್ಳಬಹುದು: ಇಟ್ಟ ಹೆಜ್ಜೆ ಗುಂಡಿಯಾಗಿ ಅದರಲ್ಲಿ ನೀರು ಒಸರುತ್ತಿದ್ದರೆ ಆ ದಾರಿಗೆ ಇನ್ನೂ ಕೆಲವು ವಾರ ಬೇಕು.