ವೇದಾವತಿ ಮೇಲಕ್ಕೆ ಹರಿಯುತ್ತದೆಯೇ?

ಸಿಂಗಟಗೆರೆ ಹೋಬಳಿಯ ಯಾವುದಾದರೂ ಶಾಲೆಗೆ ಹೋಗಿ. ಗೋಡೆಯ ಮೇಲಿನ ಕರ್ನಾಟಕದ ನಕಾಶೆ ಮುಂದೆ ನಾಲ್ಕನೇ ಕ್ಲಾಸಿನ ಹುಡುಗನನ್ನು ನಿಲ್ಲಿಸಿ, 'ಉತ್ತರ ಯಾವ ಕಡೆ ಮರಿ?' ಅಂತ ಕೇಳಿ ನೋಡಿ. ಬೆರಳು ಸೀದಾ ಸೂರಿನ ಕಡೆ ಹೋದರೆ ಬೈಯಬೇಡಿ. ನಕಾಶೆಯನ್ನು ಮೊಳೆಗೆ ನೇತುಹಾಕಿದ ಮೇಲೆ ಉತ್ತರವೆಂದರೆ ಮೇಲೆ, ದಕ್ಷಿಣವೆಂದರೆ ಕೆಳಗೆ ಎಂದೇ ಮಗು ತಿಳಿಯುತ್ತದೆ.

ಇನ್ನು ನಮ್ಮ ವೇದಾವತಿಯ ಪಾಡು. ಕಡೂರಿನಿಂದ ಈಶಾನ್ಯಕ್ಕೆ ಹೊರಟು, ಹಿರಿಯೂರಿನ ಬಳಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ ಸೇರುವ ಹೊಳೆ ಅದು. ಗೋಡೆಯ ಮೇಲೆ ನೋಡಿದರೆ ಕೆಳಗಿನಿಂದ ಮೇಲಕ್ಕೆ ಹತ್ತುತ್ತದೆ! 'ನೀರು ಹೆಂಗೆ ಮೇಲಕ್ಕೆ ಹೋಗುತ್ತೆ ಸಾರ್?' ಎಂದು ಕೇಳುವ ಹುಡುಗಿ ದಡ್ಡಿಯಲ್ಲ. ಕೇಳದೆ ನೀಲಿ ಬಣ್ಣ ಬಳಿದು ಮಾರ್ಕ್ಸು ತಗೊಂಡವರೇ ನಮ್ಮಲ್ಲಿ ಜಾಸ್ತಿ.

ಮದ್ದು ಸುಲಭ. ನಕಾಶೆ ಇಳಿಸಿ ಅಂಗಳದಲ್ಲಿ ಹಾಸಿ. ಬೆಳಗಿನ ಸೂರ್ಯನಿಗೆ ಮುಖ ಮಾಡಿ ನಿಂತರೆ ಎಡಗೈ ಕಡೆ ಉತ್ತರ. ಹಾಳೆಯ ತಲೆ ಅತ್ತ ತಿರುಗಿಸಿ. ಹೊಳೆ ತನ್ನ ದಿಕ್ಕಿಗೆ ಹರಿಯಿತು, ಕಡೂರಿಗೆ ನೈರುತ್ಯದ ಬಾಬಾಬುಡನ್‌ಗಿರಿಯೂ ತನ್ನ ಜಾಗಕ್ಕೆ ಬಂತು.

ಬರೆಯೋದನ್ನು ಬೆಂಕಿಪೊಟ್ಟಣದಿಂದ ಶುರು ಮಾಡಿಸಿ. ನೆಲದ ಮೇಲಿಟ್ಟು, ಕಾಗೆ ಕಣ್ಣಿಗೆ ಕಾಣುವ ಹಾಗೆ ಬರಿ ಅನ್ನಿ. ಆಮೇಲೆ ಕ್ಲಾಸ್‌ರೂಮು, ಆಮೇಲೆ ಮೈದಾನ. ಹತ್ತು ಹೆಜ್ಜೆಗೆ ಒಂದು ಕಡ್ಡಿ ಉದ್ದ ಎಂದರೆ ಪ್ರಮಾಣದ ಪಾಠ ಮುಗಿಯಿತು. ಹಾಗೇ 33 ಅಡಿ ಹಗ್ಗ ಹಿಡಿದು ಚೌಕ ಎಳೆಸಿ: ಅದು ಒಂದು ಗುಂಟೆ. ಅಂಥವು 40 ಸೇರಿದರೆ ಎಕರೆ. 'ನಮ್ಮದು ಎರಡೆಕರೆ' ಅನ್ನುವ ಮಗುವಿಗೆ ಆ ಮಾತಿನ ಅಗಲ ಆಗ ಗೊತ್ತಾಗುತ್ತೆ.

ಮಕ್ಕಳಾಟ ಅನ್ನಬೇಡಿ ಸ್ವಾಮಿ. ಬದು ಒತ್ತುವರಿ, ಬಂಡಿದಾರಿ, ಪೋಡಿ ತಕರಾರು ಎಷ್ಟು ಸಂಸಾರಗಳನ್ನು ಕೋರ್ಟಿನ ಮೆಟ್ಟಿಲು ಹತ್ತಿಸಿಲ್ಲ? ನಕಾಶೆಯಲ್ಲಿ ತಮ್ಮ ಹೊಲ ಯಾವುದೆಂದು ತಿಳಿಯದೆ ಹೆಬ್ಬೆಟ್ಟು ಒತ್ತಿದ ಅಜ್ಜಂದಿರಿದ್ದರು; ತಿಳಿಯದೆ ಚೆಂದದ ಸಹಿ ಹಾಕುವ ಮೊಮ್ಮಕ್ಕಳು ಈಗ ಇದ್ದಾರೆ. ಗ್ರಾಮ ನಕಾಶೆ ಭೂಮಾಪನ ಇಲಾಖೆಯ ಜಾಲತಾಣದಲ್ಲೇ ಸಿಗುತ್ತದೆ. 'ದಿಶಾಂಕ್' ಆ್ಯಪು ನಿಂತ ಜಾಗದ ಸರ್ವೆ ನಂಬರು ಹೇಳುತ್ತದೆ. ಓದಲು ಬರಬೇಕಲ್ಲ!

ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ನಿಯಮ ಇದ್ದೇ ಇದೆ. ಶಾಲೆಯ ದಾರಿಯಲ್ಲಿ ದೀಪವಿಲ್ಲದ ಕಂಬ, ಕಟ್ಟೆಯಿಲ್ಲದ ಬಾವಿ, ಮಳೆ ಬಂದರೆ ನೀರು ನಿಲ್ಲುವ ಜಾಗ, ಒಂದೊಂದಕ್ಕೂ ಗುರುತು ಹಾಕಿ ಮಕ್ಕಳು ಆ ಹಾಳೆಯನ್ನು ಅಧ್ಯಕ್ಷರ ಮೇಜಿನ ಮೇಲೆ ಹರಡಲಿ. 'ಯಾವ ಕಂಬ?' ಎಂದು ಕೇಳುವ ನೆಪ ಉಳಿಯೋದಿಲ್ಲ.